ಬಾಗಿಲಿಗೆ ಬಂದ ನಂಟರು

ಬೇಸಗೆಯ ಒಂದು ಮಧ್ಯಾಹ್ನ ಶ್ರೀರಂಗಪಟ್ಟಣದ ನಮ್ಮ ಮನೆಯ ಜಗಲಿಯ ಮುಂದೆ, ಮಣಿಸರ ಮಾರುವ ಹಕ್ಕಿಪಿಕ್ಕಿ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ನಿಂತು, "ಅವ್ವಾ, ಮಗೀಗೆ ವಸಿ ನೀರು ಕೊಡಿ" ಎಂದಳು. ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆಯೇ ನಾವು "ಮುಂದಕ್ಕೆ ಹೋಗು" ಎಂದುಬಿಟ್ಟೆವು. ಆ ಪುಸ್ತಕವೋ, ಯೂರೋಪಿನ ರೋಮಾ ಜನರನ್ನು ಕುರಿತುದು!

ಈ ರೋಮಾ ಜನರ ಪೂರ್ವಿಕರು ಸುಮಾರು 1000 ವರ್ಷಗಳ ಹಿಂದೆ ಭರತಖಂಡವನ್ನು ಬಿಟ್ಟು, ಪಾರಸೀಕ, ಆರ್ಮೇನಿಯ ದೇಶಗಳ ಮಾರ್ಗವಾಗಿ ಪಶ್ಚಿಮಕ್ಕೆ ನಡೆದವರು. ಈಜಿಪ್ಟಿನವರೆಂದು ಭ್ರಮಿಸಿ ಅಲ್ಲಿನವರು ಇವರನ್ನು ಜಿಪ್ಸಿಗಳೆಂದರು. ನಿಜವನ್ನು ಹೊರಗೆಡಹಿದುದು ಇವರ ನುಡಿ. 1780ರ ದಶಕದಲ್ಲಿ ಜರ್ಮನ್ ಪಂಡಿತರು ಅದು ಭಾರತದ ಭಾಷೆಗಳ ಕುಲದ್ದೆಂದು ತೋರಿಸಿಕೊಟ್ಟರು. ಅವರಿಗೆ ಕಣ್ಣು 'ಯಾಖ್', ಮೂಗು 'ನಾಖ್', ಮನುಷ್ಯ 'ಮನುಷ್'. ನೀರು 'ಪಾನಿ', ಅಂದರೆ ಸಂಸ್ಕೃತದ ಪಾನೀಯವೇ.

ಇವರ ಪಿಟೀಲನ್ನು ಹಂಗೇರಿಯ ಪಟ್ಟಣಗಳೂ, ಗಾನನೃತ್ಯಗಳನ್ನು ಸ್ಪೇನ್ ದೇಶವೂ ಮೆಚ್ಚಿಕೊಂಡವು. ನೆರೆಯಲ್ಲಿ ಮನೆ ಕೊಡಲು ಮಾತ್ರ ಎಲ್ಲರೂ ಹಿಂಜರಿದರು. ಇಂದಿನ ರುಮೇನಿಯದ ಸೀಮೆಗಳಲ್ಲಿ 19ನೆಯ ಶತಮಾನದ ನಡುವಿನವರೆಗೂ ಇವರು ಗುಲಾಮರಾಗಿದ್ದರು. 1944ರ ಆಗಸ್ಟ್ 2ರ ರಾತ್ರಿ ನಾಜಿಗಳು ಆಷ್‌ವಿಟ್ಸ್ ಶಿಬಿರದಲ್ಲಿ ಇವರ ಪೈಕಿ 4,000ಕ್ಕೂ ಹೆಚ್ಚು ಜನರನ್ನು ವಿಷವಾಯುವಿನಿಂದ ಕೊಂದರು. ಚೆಕ್ ದೇಶದಲ್ಲಿ ರೋಮಾ ಮಕ್ಕಳನ್ನು ಮಂದಬುದ್ಧಿಯವರ ಶಾಲೆಗೆ ತಳ್ಳಿದುದು ಅನ್ಯಾಯವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ತೀರ್ಪಿತ್ತುದು 2007ರಷ್ಟು ಈಚೆಗೆ.

ಪರರನ್ನು ದೂರುವ ಮೊದಲು ನಮ್ಮ ಕಡೆ ನೋಡೋಣ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಹಾದಿಯಲ್ಲಿ ಅಲೆಮಾರಿಗಳ ಗುಡಾರವನ್ನು ಕಾಣದವರಾರು? ಅವರನ್ನು ಕಂಡೊಡನೆ ಬಾಗಿಲ ಅಗುಳಿ ಹಾಕದವರಾರು? ಆಂಗ್ಲರು 1871ರಲ್ಲಿ ಒಂದು ಕಾನೂನನ್ನು ಮಾಡಿ, ಕೆಲವು ಕುಲಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆಯೊತ್ತಿದರು. ಮುಂದೆ ಕೊರಚರೂ ಅದಕ್ಕೆ ಸಿಕ್ಕಿದರು. 1952ರಲ್ಲಿ ಕಾನೂನು ಅಳಿಯಿತು. ನಮ್ಮ ಮನಸ್ಸಿನ ಮುದ್ರೆ ಅಳಿಯಲಿಲ್ಲ. ಹಕ್ಕಿಪಿಕ್ಕಿಗಳಿಗೆ 1972ರ ವನ್ಯಜೀವಿ ಕಾನೂನಿನಿಂದ ಹಕ್ಕಿ ಹಿಡಿಯುವ ಕುಲಕಸುಬೂ ತಪ್ಪಿತು. ಮಣಿಸರವೂ ತೈಲವೂ ಜೀವನಕ್ಕೆ ಆಧಾರವಾದವು. ಅವರ ಮನೆಮಾತಾದ ವಾಗ್ರಿಯು ಗುಜರಾತಿಗೆ ಹತ್ತಿರದ್ದು. ಆದುದರಿಂದ ರೋಮಾ ನುಡಿಗೂ ದೂರದ ಬಂಧು.

ಆ ದಿನ ನಮ್ಮ ಮಾನವನ್ನು ಉಳಿಸಿದವರು ನಮ್ಮ ಮನೆಯಾಕೆ. ನಮ್ಮ ಮಾತು ಮುಗಿಯುವಷ್ಟರಲ್ಲಿ ಅವರು ತಂಬಿಗೆಯಲ್ಲಿ ನೀರು ತಂದು ಕೊಟ್ಟು, "ದೊಡ್ಡ ಮಕ್ಕಳು ಸ್ಕೂಲಿಗೆ ಹೋಗುತ್ತವೇನಮ್ಮ?" ಎಂದು ವಿಚಾರಿಸುತ್ತ ನಿಂತರು. ಪಾನೀಯ ಶಬ್ದದ ವ್ಯುತ್ಪತ್ತಿ ನಮಗೆ ತಿಳಿದಿತ್ತು; ಅರ್ಥ ತಿಳಿದಿದ್ದುದು ಆಕೆಗೆ.