ಲೈಡನ್ ಗೋಡೆ ಓದದವರು ಹಾಲೆಂಡ್ ನೋಡಿಲ್ಲ!

ಬಂಧುಗಳೇ, ಹಾಲೆಂಡಿಗೆ ಹೋಗಿಬಂದವರನ್ನು ಕೇಳಿ ನೋಡಿ. ಟುಲಿಪ್ ಹೂವು, ಗಾಳಿಯಂತ್ರ, ಆಮ್‌ಸ್ಟರ್‌ಡ್ಯಾಮಿನಲ್ಲಿ ದೋಣಿ ಸವಾರಿ. ಮುಗೀತು! ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೂ ಆಗದ ಲೈಡನ್ ಎಷ್ಟು ಜನರ ಪಟ್ಟಿಯಲ್ಲಿದೆ? ಇದು ಪ್ರವಾಸವೋ, ಫೋಟೋ ಚಟವೋ?

ಅಚ್ಚುಕೂಟ ನಡೆಸಿ ಅನ್ನ ತಿನ್ನುವ ನಾನು ಹೇಳುತ್ತೇನೆ, ಕೇಳಿ. ಸ್ಪೇನಿನ ಸೈನ್ಯ ಮುತ್ತಿಗೆ ಹಾಕಿದಾಗ ಈ ಊರು ಉಪವಾಸ ಬಿದ್ದು ಸತ್ತರೂ ಶರಣಾಗಲಿಲ್ಲ. ಡಚ್ಚರು ಏರಿ ಒಡೆದು, ತಮ್ಮದೇ ಹೊಲ ಮುಳುಗಿಸಿ, ಆ ನೀರಿನ ಮೇಲೆ ದೋಣಿಗಳಲ್ಲಿ ಬಂದು 1574ರ ಅಕ್ಟೋಬರ್ 3ರಂದು ಊರನ್ನು ಬಿಡಿಸಿಕೊಂಡರು. ಮರುವರ್ಷವೇ ಅಲ್ಲಿ ವಿಶ್ವವಿದ್ಯಾಲಯ! ನೀವು ಮುಗಿಬೀಳುವ ಟುಲಿಪ್ ಗಡ್ಡೆಯನ್ನು ಕ್ಲೂಸಿಯಸ್ ಪಂಡಿತ 1593ರ ಸುಮಾರಿಗೆ ನೆಟ್ಟದ್ದೂ ಅದರ ತೋಟದಲ್ಲೇ. ರೋಮಿನ ಧರ್ಮನ್ಯಾಯಾಲಯ ಗೆಲಿಲಿಯೋನ ಬಾಯಿ ಕಟ್ಟಿತು. ಅವನ ಕೊನೆಯ ಗ್ರಂಥವನ್ನು 1638ರಲ್ಲಿ ಅಚ್ಚು ಹಾಕಿದ್ದು ಈ ಊರಿನ ಎಲ್ಸೆವಿಯರ್ ಮುದ್ರಣಾಲಯ. ಅದಪ್ಪಾ ಗಂಡೆದೆ!

ಇಂದು ಅಲ್ಲಿನ ಮನೆಗೋಡೆಗಳ ಮೇಲೆ ನೂರಕ್ಕೂ ಹೆಚ್ಚು ಕವಿತೆಗಳಿವೆ. ಶುರುವಾದದ್ದು 1992ರಲ್ಲಿ. ಡಚ್ ಪಕ್ಕದಲ್ಲೇ ರಷ್ಯನ್, ಜಪಾನಿ, ಅವರವರ ಲಿಪಿಯಲ್ಲೇ! ತನ್ನ ನುಡಿ ಬಿಡದ ಊರು ಪರರ ನುಡಿಗೂ ಗೋಡೆ ಕೊಟ್ಟಿದೆ. "ಅಲ್ಲಿ ಇಂಗ್ಲಿಷ್ ಸಾಕು" ಎನ್ನುವ ಮಹಾಶಯರೇ, ಕಾಫಿ ಕೊಟ್ಟವರಿಗೆ "ಡಾಂಕ್ ಯು ವೆಲ್" ಎನ್ನಲು ನಿಮಗೇನು ಕಾಸು ಖರ್ಚೇ?

ಹೂತೋಟಕ್ಕೆ ಒಂದು ದಿನವಾದರೆ ಲೈಡನ್ನಿಗೂ ಒಂದು ದಿನ ಇಡಿ. ನಡೆದು ಗೋಡೆ ಓದಿ. ಟೂರಿನವರು "ಟೈಮಿಲ್ಲ" ಎಂದರೆ, ದುಡ್ಡು ಯಾರದೆಂದು ಕೇಳಿ!