ಅಗ್ಗದ ರೇಡಿಯೋ, ದುಬಾರಿ ಸತ್ಯ

ಸರಣಿ: ನಂಬಿಸುವವರು | ಭಾಗ 3

ಸರ್ವಾಧಿಕಾರಿ ಅಂದ ತಕ್ಷಣ ನಮಗೆ ನೆನಪಾಗೋದೇನು? ಪುಸ್ತಕ ಸುಡೋದು, ಪತ್ರಿಕೆ ಮುಚ್ಚಿಸೋದು, ಮಾತಾಡಿದವರನ್ನ ಜೈಲಿಗೆ ಹಾಕೋದು. ಹಿಟ್ಲರ್‌ನ ಜರ್ಮನಿಯಲ್ಲಿ ಇದೆಲ್ಲ ನಡೀತು. ಅದರ ಜೊತೆಗೇ ಸರ್ಕಾರ ಇನ್ನೊಂದು ಕೆಲಸ ಮಾಡಿತು: ಜನರಿಗೆ ಅಗ್ಗದ ರೇಡಿಯೋ ಸಿಗೋ ಹಾಗೆ ನೋಡಿಕೊಂಡಿತು.

1933ರ ಆಗಸ್ಟ್‌ನಲ್ಲಿ 'ಜನರ ರೇಡಿಯೋ' ಬಂತು. ಬೆಲೆ 76 ಮಾರ್ಕ್, ಬೇರೆ ಸೆಟ್‌ಗಳಿಗಿಂತ ತುಂಬಾ ಕಡಿಮೆ. ಮಾಡೆಲ್ ನಂಬರ್ 301. ಯಾಕೆ ಗೊತ್ತಾ? ಹಿಟ್ಲರ್ ಚಾನ್ಸಲರ್ ಆಗಿದ್ದು ಜನವರಿ 30ಕ್ಕೆ. 1938ರಲ್ಲಿ 35 ಮಾರ್ಕ್‌ನ ಚಿಕ್ಕ ಸೆಟ್ ಕೂಡ ಬಂತು. ಪ್ರಚಾರ ಮಂತ್ರಿಯ ಹೆಸರು ಸೇರಿಸಿ ಜನ ಅದಕ್ಕಿಟ್ಟ ಅಡ್ಡಹೆಸರು 'ಗೊಬೆಲ್ಸ್ ಮೂತಿ'!

ಕಾಮರ್ಸ್ ಓದೋರಿಗೆ ಈ ಲೆಕ್ಕ ಬೇಗ ಹೊಳೆಯುತ್ತೆ. ನಿಮ್ಮ ಮಾಲು ಅಗ್ಗವಾಗಿ ಮನೆಮನೆಗೂ ಸಿಗಬೇಕು, ಅದಕ್ಕೆ ಬದಲಿ ಮಾಲು ಯಾರಿಗೂ ಎಟುಕಬಾರದು. 1939ರ ಸೆಪ್ಟೆಂಬರ್ 1, ಯುದ್ಧ ಶುರುವಾದ ದಿನವೇ, ವಿದೇಶಿ ರೇಡಿಯೋ ಕೇಳೋದು ಅಪರಾಧ ಆಯ್ತು. ಕೇಳಿದರೆ ಜೈಲು. ಕೇಳಿದ್ದನ್ನ ಹರಡಿದರೆ ಮರಣದಂಡನೆಯೂ ಆಗಬಹುದಿತ್ತು.

ಹ್ಯಾಂಬರ್ಗ್‌ನ ಹುಡುಗ ಹೆಲ್ಮುಟ್ ಹ್ಯೂಬನರ್ ಆ ಬೆಲೆ ತೆತ್ತ. 1941ರಲ್ಲಿ ಕದ್ದು ಬಿಬಿಸಿಯ ಜರ್ಮನ್ ಸುದ್ದಿ ಕೇಳಿ, ಸರ್ಕಾರ ಹೇಳಿದ್ದರ ಜೊತೆ ಹೋಲಿಸಿ, ಕರಪತ್ರ ಟೈಪ್ ಮಾಡಿ ಹಂಚಿದ. 1942ರ ಅಕ್ಟೋಬರ್ 27ರಂದು ಬರ್ಲಿನ್‌ನ ಜೈಲಿನಲ್ಲಿ ಅವನ ತಲೆ ಕಡಿದರು. ವಯಸ್ಸು 17. ಇದನ್ನ ಓದ್ತಿರೋ ನಮ್ಮಲ್ಲಿ ಬಹಳ ಜನ ಅವನಿಗಿಂತ ದೊಡ್ಡವರು.

'ಜರ್ಮನಿಯ ಜನ ಅಷ್ಟು ದಡ್ಡರಾ?' ಅಂತ ಕೇಳ್ತೀವಿ. ದಡ್ಡರಾಗಿರಬೇಕಿಲ್ಲ ಅಂತ ನನಗನ್ನಿಸುತ್ತೆ. ಬೆಳಿಗ್ಗೆ-ಸಂಜೆ ಮನೆಯೊಳಗೆ ಒಂದೇ ದನಿ ಕೇಳ್ತಿದ್ದು, ಪಕ್ಕದಲ್ಲಿಟ್ಟು ತೂಗಿ ನೋಡೋಕೆ ಇನ್ನೊಂದು ದನಿ ಇಲ್ಲದಿದ್ದರೆ, ಬುದ್ಧಿವಂತರ ತಲೆಯೂ ಅದೇ ದಾರಿ ಹಿಡಿಯುತ್ತೆ. ಹೆಲ್ಮುಟ್ ಮಾಡಿದ 'ಅಪರಾಧ' ಇಷ್ಟೇ: ಎರಡನ್ನೂ ಕೇಳಿ ಹೋಲಿಸಿದ, ಬೇರೆಯವರಿಗೂ ಹೇಳಿದ.

ನಮ್ಮ ಫೋನು ಆ ರೇಡಿಯೋ ಅಲ್ಲ. ಇನ್ನೊಂದು ಚಾನೆಲ್ ನೋಡಿದ್ರೆ ಯಾರೂ ನಮ್ಮ ತಲೆ ತೆಗೆಯಲ್ಲ. ಅವನು ಪ್ರಾಣ ಒತ್ತೆ ಇಟ್ಟು ಕೇಳಿದ ಎರಡನೇ ದನಿ ನಮಗೆ ಪುಕ್ಕಟೆ ಸಿಗುತ್ತೆ. ಆದ್ರೂ ನಮಗೆ ಇಷ್ಟವಾಗೋ ಪೇಜ್‌ಗಳನ್ನಷ್ಟೇ ಫಾಲೋ ಮಾಡಿ, ಉಳಿದದ್ದನ್ನ ಮ್ಯೂಟ್ ಮಾಡಿ, ಒಂದೇ ಸ್ಟೇಷನ್‌ನ ರೇಡಿಯೋವನ್ನ ನಾವೇ ಕಟ್ಟಿಕೊಳ್ತಿದ್ದೀವಿ. ಯಾವ ಸರ್ಕಾರವೂ ಹೇಳದೆನೇ!

ಇವತ್ತು ಒಂದು ಕೆಲಸ ಮಾಡಿ. ನೀವು ಗಟ್ಟಿಯಾಗಿ ನಂಬಿರೋ ಒಂದು ಸುದ್ದಿ ತಗೊಳ್ಳಿ, ಅದನ್ನ ಒಪ್ಪದವರು ಬರೆದಿದ್ದನ್ನ ಪೂರ್ತಿ ಓದಿ. ಆಮೇಲೂ ನಿಮ್ಮ ಅಭಿಪ್ರಾಯ ಅದೇ ಇದ್ರೆ ಇರಲಿ. ಏನು ಓದಿದ್ರಿ ಅಂತ ಕಾಮೆಂಟಲ್ಲಿ ಹೇಳಿ.

#ನಂಬಿಸುವವರು #ಇತಿಹಾಸ #ಕನ್ನಡ