ಗಂಟೆ ಬಾರಿಸಿದವನ ತಪ್ಪೊಪ್ಪಿಗೆ

ನಮ್ಮ ಕಾಲೇಜಿನಲ್ಲಿ ಪ್ರತಿವರ್ಷವೂ ನಡೆಯುವ ಗೀತಗಾಯನ ಸ್ಪರ್ಧೆಗೆ ಸಮಯಪಾಲಕನ ಹುದ್ದೆ ಅದೇಕೋ ಕನ್ನಡ ಅಧ್ಯಾಪಕನ ಪಾಲಿಗೇ ಬರುವುದು ರೂಢಿಯಾಗಿದೆ. ಮೇಜಿನ ಮೇಲೊಂದು ಹಿತ್ತಾಳೆಯ ಗಂಟೆ, ಕೈಯಲ್ಲೊಂದು ಗಡಿಯಾರ: ಇವಿಷ್ಟೇ ಆ ಹುದ್ದೆಯ ರಾಜಲಾಂಛನಗಳು. ಮೂರು ನಿಮಿಷ ತುಂಬಿದೊಡನೆ ಗಂಟೆ ಬಾರಿಸಬೇಕು. ಹಾಡುವವರು ಯಾರೇ ಆಗಿರಲಿ, ಯಾವ ಚರಣದಲ್ಲೇ ಇರಲಿ, ವೇದಿಕೆಯಿಂದ ಇಳಿಯಬೇಕು. ಹೋದ ವರ್ಷ ದ್ವಿತೀಯ ಬಿ.ಎ. ತರಗತಿಯ ಹುಡುಗಿಯೊಬ್ಬಳು ‘ಗೋವಿನ ಹಾಡಿ’ನಿಂದ ಕೆಲವು ಪದ್ಯಗಳನ್ನು ಆಯ್ದುಕೊಂಡು ಹಾಡತೊಡಗಿದಳು. ಶ್ರುತಿಪೆಟ್ಟಿಗೆಯೊಂದನ್ನು ಬಿಟ್ಟರೆ ಬೇರೆ ವಾದ್ಯವಿರಲಿಲ್ಲ. ಸಭಾಂಗಣದ ಹಿಂದಿನ ಸಾಲುಗಳ ಗದ್ದಲ ತಾನಾಗಿಯೇ ಅಡಗಿತು. ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದ ಪುಣ್ಯಕೋಟಿ, ತನ್ನ ಕರುವನ್ನು ಓರಗೆಯ ಹಸುಗಳಿಗೆ ಒಪ್ಪಿಸುತ್ತಿದ್ದ ಗಳಿಗೆಯಲ್ಲಿ ಸರಿಯಾಗಿ ಮೂರು ನಿಮಿಷ ತುಂಬಿತು. ನಾನು ಗಂಟೆ ಬಾರಿಸಿದೆ. ಹುಡುಗಿ ಅರ್ಧ ಪಂಕ್ತಿಗೇ ನಿಲ್ಲಿಸಿ, ಕೈಮುಗಿದು ಇಳಿದುಹೋದಳು. ಪುಣ್ಯಕೋಟಿ ಹುಲಿಯ ಗುಹೆಗೆ ಹಿಂದಿರುಗಲೇ ಇಲ್ಲ. ಕೊಟ್ಟ ಮಾತಿಗೆ ಎಂದೂ ತಪ್ಪದ ಹಸುವನ್ನು ಮಾತಿಗೆ ತಪ್ಪಿಸಿದ ಕೀರ್ತಿ ನನ್ನದಾಯಿತು.

ನಿಯಮದಂತೆ ನಡೆದವನಿಗೆ ಪಶ್ಚಾತ್ತಾಪವೆಲ್ಲಿಯದು? ನನಗೂ ಇರಲಿಲ್ಲ. ದೀಪಾವಳಿಯ ರಜೆಗೆ ಬಂದಿದ್ದ ಅಕ್ಕನ ಮಗಳಿಗೆ ಈ ಕಥೆಯನ್ನು ವಿನೋದವಾಗಿಯೇ ಹೇಳಿದೆ. ಆಕೆ ನಗಲಿಲ್ಲ. ತನ್ನ ಫೋನನ್ನು ನನ್ನ ಮುಂದಿಟ್ಟು, “ಮಾವ, ಈ ಹಾಡನ್ನೊಮ್ಮೆ ಕೇಳಿ. ಮೂರು ನಿಮಿಷಕ್ಕೆ ಗಂಟೆ ಬಾರಿಸಬೇಕೆನ್ನಿಸಿದರೆ ಬಾರಿಸಿ,” ಎಂದಳು. ಅದು ‘ಕ್ವೀನ್’ ಎಂಬ ಆಂಗ್ಲ ರಾಕ್ ತಂಡದ ‘ಬೊಹೀಮಿಯನ್ ರ‍್ಯಾಪ್ಸಡಿ’. ರಾಕ್ ಸಂಗೀತವೆಂದರೆ ಕಿವಿಗೆ ಹತ್ತಿ ತುರುಕಿಕೊಳ್ಳಬೇಕಾದ ಗದ್ದಲವೆಂದು ನಂಬಿದ್ದ ನಾನು ಸೋದರಿಕೆಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಕೇಳಿದೆ. ಅಂದಿನಿಂದ ಅದರ ಚರಿತ್ರೆಯನ್ನು ಹುಡುಕಿ ಓದುತ್ತಿದ್ದೇನೆ. ಓದಿದಷ್ಟೂ ನನ್ನ ಗಂಟೆಯ ಸದ್ದು ನನಗೇ ಕರ್ಕಶವಾಗಿ ಕೇಳಿಸುತ್ತಿದೆ.

ಹಾಡಿನ ಒಟ್ಟು ಅವಧಿ 5 ನಿಮಿಷ 55 ಸೆಕೆಂಡು. ಮೊದಲಿಗೆ ವಾದ್ಯಗಳ ನೆರವಿಲ್ಲದೆ ಹಲವು ಕಂಠಗಳ ಮೇಳ. ಬಳಿಕ ಪಿಯಾನೋದೊಡನೆ, ಕೊಲೆ ಮಾಡಿ ಬಂದ ಹುಡುಗನೊಬ್ಬ ತಾಯಿಯ ಮುಂದೆ ಮಾಡಿಕೊಳ್ಳುವ ನಿವೇದನೆ. ಆಮೇಲೆ ಗಿಟಾರಿನ ಆಲಾಪ. ಇಷ್ಟಾಗುವಾಗ ಮೂರು ನಿಮಿಷ ಕಳೆದಿರುತ್ತದೆ. ಅಲ್ಲಿಂದ ಮುಂದಕ್ಕೆ, ಯಾವ ಮುನ್ಸೂಚನೆಯೂ ಇಲ್ಲದೆ, ಇಟಲಿಯ ಗೀತನಾಟಕದ ಅಣಕವೋ ಅನುಕರಣವೋ ತಿಳಿಯದಂಥ ಒಂದು ವಿಚಿತ್ರ ನ್ಯಾಯಸಭೆ ನೆರೆಯುತ್ತದೆ. ಒಂದು ಗುಂಪು ಹುಡುಗನನ್ನು ಬಿಡೆಂದು ಬೇಡುತ್ತದೆ, ಇನ್ನೊಂದು ಬಿಡೆವೆಂದು ಗರ್ಜಿಸುತ್ತದೆ. ಅನಂತರ ರಾಕ್ ಸಂಗೀತದ ಆರ್ಭಟ. ಕಡೆಗೆ ಎಲ್ಲವೂ ಶಾಂತ. ಜನಪ್ರಿಯ ಗೀತೆಗಳಲ್ಲಿ ಮತ್ತೆ ಮತ್ತೆ ಮರಳುವ ಪಲ್ಲವಿ ಇದರಲ್ಲಿಲ್ಲ. ಒಂದು ಭಾಗದ ನಡೆ ಇನ್ನೊಂದಕ್ಕಿಲ್ಲ. ಗದ್ಯದಿಂದ ಕಂದಕ್ಕೆ, ಕಂದದಿಂದ ವೃತ್ತಕ್ಕೆ ಹಾಯುವ ನಮ್ಮ ಚಂಪುವನ್ನು ಬಲ್ಲವರಿಗೆ ಈ ಕ್ರಮ ತೀರ ಅಪರಿಚಿತವೆನಿಸದು. ಮೂರು ನಿಮಿಷಕ್ಕೆ ಗಂಟೆ ಬಾರಿಸಿದ್ದರೆ, ಯಾವ ಭಾಗದಿಂದ ಈ ಹಾಡು ಲೋಕಪ್ರಸಿದ್ಧವಾಯಿತೋ ಆ ಭಾಗದ ಹೊಸ್ತಿಲಲ್ಲೇ ಇದರ ಕಥೆ ಮುಗಿಯುತ್ತಿತ್ತು.

ಅಷ್ಟಕ್ಕೂ ಈ ಮೂರು ನಿಮಿಷದ ಶಾಸನವನ್ನು ಬರೆದವರು ಯಾರು? ಯಾವ ಭರತಮುನಿಯೂ ಅಲ್ಲ. ಹಳೆಯ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದೇ ಸುಮಾರು ಅಷ್ಟು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಧ್ವನಿಮುದ್ರಣಕ್ಕೆ ಹಾಡಿದಾಗ, ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಆ ಅಳತೆಗೆ ಮಡಿಸಿ ಇಡಬೇಕಾಯಿತು. ನಮ್ಮ ಗಂಗೂಬಾಯಿ ಹಾನಗಲ್ ಅವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ಆರಂಭದ ತಟ್ಟೆಗಳಿಗೂ ಇದೇ ಕಟ್ಟು. ಆದರೆ ಯಂತ್ರ ಸುಧಾರಿಸಿದ ಮೇಲೂ ಅಳತೆ ಸುಧಾರಿಸಲಿಲ್ಲ. 1968ರಲ್ಲಿ ಬೀಟಲ್ಸ್ ತಂಡದ ‘ಹೇ ಜೂಡ್’ ಏಳು ನಿಮಿಷ ಮೀರಿಯೂ ಜಯಭೇರಿ ಹೊಡೆದಿತ್ತು. ಆದರೂ ರೇಡಿಯೋದವರು ಮೂರು ನಿಮಿಷವನ್ನೇ ಹಿಡಿದು ಕುಳಿತರು. ಹಿರಿಯರು ಶ್ರಾದ್ಧದ ದಿನ ಕಾಟ ಕೊಡುತ್ತಿದ್ದ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಟ್ಟರೆಂದು, ಮಕ್ಕಳು ಎಲ್ಲಿಂದಲೋ ಬೆಕ್ಕನ್ನು ಹಿಡಿತಂದು ಮುಚ್ಚಿದ ಕಥೆಯಂತಾಯಿತು ಇದು.

1975ರ ಆಗಸ್ಟ್ ತಿಂಗಳಿನಲ್ಲಿ ವೇಲ್ಸ್ ಪ್ರಾಂತದ ರಾಕ್‌ಫೀಲ್ಡ್ ಎಂಬಲ್ಲಿ, ಹಿಂದೆ ಹೈನುಗಾರಿಕೆ ನಡೆಯುತ್ತಿದ್ದ ತೋಟದ ಮನೆಯೊಂದರಲ್ಲಿ, ಈ ಹಾಡಿನ ಧ್ವನಿಮುದ್ರಣ ಮೊದಲಾಯಿತು. ನಿರ್ಮಾಪಕ ರಾಯ್ ಥಾಮಸ್ ಬೇಕರ್. ಗೀತನಾಟಕದ ಭಾಗದಲ್ಲಿ ನೂರಾರು ಜನ ಹಾಡುತ್ತಿರುವಂತೆ ಕೇಳುತ್ತದೆಯಷ್ಟೆ. ಹಾಡಿದವರು ಮೂವರೇ: ಫ್ರೆಡ್ಡಿ ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್. ಹಾಡಿದ್ದರ ಮೇಲೆ ಹಾಡಿ, ಪದರದ ಮೇಲೆ ಪದರವನ್ನು ಕೂಡಿಸುತ್ತ ವಾರಗಟ್ಟಲೆ ದುಡಿದರು. ಒಂದೇ ಟೇಪು ಮತ್ತೆ ಮತ್ತೆ ಯಂತ್ರದಲ್ಲಿ ಹಾದು, ಲೇಪ ಸವೆದು, ಕೊನೆಗೆ ಅದರ ಮೂಲಕ ಬೆಳಕು ಕಾಣುವಷ್ಟು ತೆಳುವಾಗಿತ್ತಂತೆ. ನಾಲ್ಕನೆಯವನಾದ ಜಾನ್ ಡೀಕನ್ ಆ ಭಾಗದಲ್ಲಿ ದನಿಗೂಡಿಸಲಿಲ್ಲ.

ಇಷ್ಟು ಶ್ರಮಪಟ್ಟು ತಂದುದನ್ನು ಧ್ವನಿಮುದ್ರಿಕೆಯ ಸಂಸ್ಥೆಯವರ ಮುಂದಿಟ್ಟರೆ, ಅವರು ಕೇಳಿದ್ದು ಕತ್ತರಿಯನ್ನು! ಇಷ್ಟುದ್ದದ ಹಾಡನ್ನು ಯಾವ ರೇಡಿಯೋ ಕೇಂದ್ರವೂ ಬಿತ್ತರಿಸದು, ಯಾವ ಕೇಳುಗನೂ ತಾಳಲಾರ ಎಂದು ಅವರ ವಾದ. ಹಾಕುವುದಾದರೆ ಇಡಿಯಾಗಿ ಹಾಕಿ, ಇಲ್ಲವಾದರೆ ಬಿಡಿ ಎಂದು ತಂಡದವರು ಪಟ್ಟು ಹಿಡಿದರು. ಈ ನಡುವೆ ಲಂಡನ್ನಿನ ಕ್ಯಾಪಿಟಲ್ ರೇಡಿಯೋದ ನಿರೂಪಕ ಕೆನ್ನಿ ಎವರೆಟ್ ಎಂಬಾತನ ಕೈಗೆ ಹಾಡಿನ ಒಂದು ಪ್ರತಿ ಸಿಕ್ಕಿತು. ಬಿತ್ತರಿಸಕೂಡದೆಂಬ ಷರತ್ತೂ ಜೊತೆಗಿತ್ತು. ಮಗುವಿನ ಕೈಗೆ ಬೆಲ್ಲದುಂಡೆ ಕೊಟ್ಟು ನೆಕ್ಕಬೇಡವೆಂದರೆ ಹೇಗೆ? ಮೊದಲು ಬೆರಳು ಜಾರಿತೆಂಬ ನೆಪದಲ್ಲಿ ಚೂರುಪಾರು ಕೇಳಿಸಿದನು; ಆಮೇಲೆ ಪೂರ್ತಿಯಾಗಿಯೇ. ಎರಡು ದಿನಗಳಲ್ಲಿ 14 ಬಾರಿ! ಸೋಮವಾರ ಬೆಳಗಾದಾಗ ಜನ ಅಂಗಡಿಗಳಿಗೆ ಹೋಗಿ, ಇನ್ನೂ ಮಾರಾಟಕ್ಕೇ ಬಾರದ ತಟ್ಟೆಯನ್ನು ಕೊಡಿರೆಂದು ಕೇಳತೊಡಗಿದರು.

1975ರ ಅಕ್ಟೋಬರ್ 31ರಂದು ತಟ್ಟೆ ಬಿಡುಗಡೆಯಾಯಿತು. ಪಂಡಿತರ ಮತ ಒಂದೇ ಆಗಿರಲಿಲ್ಲ. ಒಂದು ಸಂಗೀತ ಪತ್ರಿಕೆಯ ವಿಮರ್ಶಕನಂತೂ ಇದನ್ನು ಲಂಡನ್ನಿನ ಬಡಾವಣೆಯೊಂದರ ಹವ್ಯಾಸಿ ನಾಟಕಮಂಡಳಿಯ ಕೂಗಾಟಕ್ಕೆ ಹೋಲಿಸಿ ಗೇಲಿ ಮಾಡಿದನು. ಜನ ವಿಮರ್ಶೆಗೆ ಕಾಯಲಿಲ್ಲ. ನವೆಂಬರ್ ಕೊನೆಗೆ ಹಾಡು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, 9 ವಾರ ಅಲ್ಲಿಂದ ಕದಲಲಿಲ್ಲ. ಸಂಚಾರದಲ್ಲಿದ್ದ ತಂಡದವರು ದೂರದರ್ಶನದ ವೇದಿಕೆಗೆ ಬಂದು ಇದನ್ನು ಅಭಿನಯಿಸುವುದು ಕಷ್ಟವೆಂದು, ನವೆಂಬರ್ 10ರಂದು ಕೆಲವೇ ಗಂಟೆಗಳಲ್ಲಿ ಒಂದು ಚಿತ್ರಿಕೆಯನ್ನು ತೆಗೆಸಿ ಕಳುಹಿಸಿದರು. ಹಾಡಿನೊಡನೆ ಚಿತ್ರವೊಂದನ್ನು ಕಳುಹಿಸುವ ಪದ್ಧತಿ ಮುಂದೆ ಬೇರೂರಲು ಇದು ದೊಡ್ಡ ಪ್ರೇರಣೆಯಾಯಿತು.

ಹಾಡನ್ನು ರಚಿಸಿದ ಫ್ರೆಡ್ಡಿ ಮರ್ಕ್ಯುರಿಯ ಹುಟ್ಟುಹೆಸರು ಫರೂಖ್ ಬುಲ್ಸಾರಾ. ಗುಜರಾತದ ಬುಲ್ಸಾರ್, ಎಂದರೆ ಇಂದಿನ ವಲ್ಸಾಡ್ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಪಾರಸಿ ಕುಟುಂಬ. ಹುಟ್ಟಿದ್ದು 1946ರಲ್ಲಿ ಜಾಂಜಿಬಾರಿನಲ್ಲಿ. ಓದಿದ್ದು ಮಹಾರಾಷ್ಟ್ರದ ಪಂಚಗನಿಯ ವಸತಿಶಾಲೆಯಲ್ಲಿ. ತಂದೆತಾಯಿಯರನ್ನು ಕಡಲಾಚೆ ಬಿಟ್ಟು ಬಂದ ಬಾಲಕ ಪಿಯಾನೋ ಕಲಿತದ್ದೂ, ಗೆಳೆಯರೊಡನೆ ಮೊದಲ ವಾದ್ಯಗೋಷ್ಠಿಯನ್ನು ಕಟ್ಟಿದ್ದೂ ಆ ಬೆಟ್ಟದ ಊರಿನಲ್ಲೇ. 1964ರ ಜಾಂಜಿಬಾರ್ ಕ್ರಾಂತಿಯ ತರುವಾಯ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಯಿತು. ಹಾಡಿನ ನ್ಯಾಯಸಭೆಯ ನಡುವೆ ‘ಬಿಸ್ಮಿಲ್ಲಾ’ ಎಂಬ ಮಾತು ಕೇಳಿಬರುತ್ತದೆ. ಅದು ಜಾಂಜಿಬಾರಿನ ಬೀದಿಗಳಿಂದ ಬಂದ ನೆನಪೋ, ಬರಿಯ ನಾದಮೋಹವೋ? ಆತ ಹೇಳಲಿಲ್ಲ. ಹಾಡಿನ ಅರ್ಥವೇನೆಂದು ಕೇಳಿದವರಿಗೆಲ್ಲ ಅದನ್ನು ನೀವೇ ಕಂಡುಕೊಳ್ಳಿ ಎಂಬ ಧಾಟಿಯಲ್ಲೇ ಉತ್ತರವಿತ್ತು, 1991ರ ನವೆಂಬರ್ 24ರಂದು ಏಡ್ಸ್ ರೋಗದಿಂದುಂಟಾದ ನ್ಯುಮೋನಿಯಾಕ್ಕೆ ತುತ್ತಾಗಿ ತನ್ನ 45ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಂತ್ಯಸಂಸ್ಕಾರದ ಮಂತ್ರಗಳನ್ನು ಹೇಳಿದವರು ಪಾರಸಿ ಪುರೋಹಿತರು. ಮರುತಿಂಗಳು ಹಾಡು ಮತ್ತೆ ಬಿಡುಗಡೆಯಾಗಿ, ಬ್ರಿಟನ್ನಿನಲ್ಲಿ ಮತ್ತೆ 5 ವಾರ ಅಗ್ರಸ್ಥಾನದಲ್ಲಿ ನಿಂತಿತು. ಅದರ ಉತ್ಪನ್ನ ಏಡ್ಸ್ ಪೀಡಿತರ ನೆರವಿನ ಧರ್ಮಸಂಸ್ಥೆಗೆ ಸಂದಿತು. 2018ರಲ್ಲಿ ಆತನ ಜೀವನಕಥೆ ಚಲನಚಿತ್ರವಾದಾಗ ಅದಕ್ಕೂ ಈ ಹಾಡಿನ ಹೆಸರನ್ನೇ ಇಟ್ಟರು.

ಉದ್ದವಾದುದೆಲ್ಲ ಉತ್ತಮವೆಂದು ನಾನು ಹೇಳಹೊರಟಿಲ್ಲ. ವರ್ಷಕ್ಕೆರಡು ಬಾರಿ ಉತ್ತರಪತ್ರಿಕೆಗಳ ಕಟ್ಟುಗಳನ್ನು ಬಿಚ್ಚುವವನು ಅಂಥ ಮಾತನ್ನು ಆಡಲಾರ. ಸ್ಪರ್ಧೆಗೆ ನಲವತ್ತು ಮಂದಿ ಹೆಸರು ಕೊಟ್ಟಾಗ ಮಿತಿಯೊಂದು ಬೇಕೇ ಬೇಕು. ಆದರೆ ಮಿತಿಯನ್ನು ಹಾಕುವುದು ಬೇರೆ, ‘ಇದನ್ನು ಯಾರು ಕೇಳುತ್ತಾರೆ’ ಎಂದು ಕೇಳುಗರ ಪರವಾಗಿ ನಾವೇ ತೀರ್ಪು ಕೊಡುವುದು ಬೇರೆ. ಸಂಸ್ಥೆಯವರು ಕೇಳುಗನ ತಾಳ್ಮೆಯನ್ನು ಕಚೇರಿಯಲ್ಲಿ ಕುಳಿತು ಊಹಿಸಿದರು. ಎವರೆಟ್ ಕೇಳಿಸಿ ನೋಡಿದನು. ಅಂದು ಹಿಂದಿನ ಸಾಲುಗಳು ನಿಶ್ಶಬ್ದವಾಗಿದ್ದುದು ನನ್ನ ಕಿವಿಗೂ ಬಿದ್ದಿತ್ತು. ನಾನು ಗಡಿಯಾರವನ್ನು ನಂಬಿದೆ.

ಈ ವರ್ಷದ ಸ್ಪರ್ಧೆಗೆ ಅವಧಿಯನ್ನು ಆರು ನಿಮಿಷಕ್ಕೆ ಏರಿಸಬೇಕೆಂದು ಸಮಿತಿಯ ಮುಂದೆ ವಾದಿಸಿದೆ. ದೀರ್ಘವಾದ ಚರ್ಚೆಯಾಗಿ ನಾಲ್ಕು ನಿಮಿಷ ಮಂಜೂರಾಯಿತು. ಚರ್ಚೆಗೆ ಮಾತ್ರ ಯಾರೂ ಗಂಟೆ ಬಾರಿಸಲಿಲ್ಲ. ಹೆಸರು ಕೊಟ್ಟವರ ಪಟ್ಟಿಯಲ್ಲಿ ಆ ಹುಡುಗಿಯನ್ನು ಹುಡುಕಿದೆ, ಕಾಣಲಿಲ್ಲ. ಗ್ರಂಥಾಲಯದ ಬಳಿ ಸಿಕ್ಕಾಗ ಕಾರಣ ಕೇಳಿದೆ. “ಈಗ ಹಾಡುವುದನ್ನು ಬಿಟ್ಟಿದ್ದೇನೆ, ಸಾರ್,” ಎಂದಳು. ದನಿಯಲ್ಲಿ ದೂರಿನ ಛಾಯೆಯೂ ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಸ್ಪರ್ಧೆಯ ಮಾತು ಬೇಡ, ಶನಿವಾರ ತರಗತಿಗಳು ಮುಗಿದ ಮೇಲೆ ಕನ್ನಡ ವಿಭಾಗದ ಕೋಣೆಗೆ ಗೆಳತಿಯರೊಡನೆ ಬಾ, ಪುಣ್ಯಕೋಟಿ ಗುಹೆಗೆ ಹಿಂದಿರುಗುವವರೆಗೂ ಹಾಡು, ಕೇಳಲು ನಾವಿರುತ್ತೇವೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡೋಣ, ಸಾರ್,” ಎಂದು ಹೇಳಿ ಹೋದಳು.

ಶನಿವಾರಕ್ಕೆ ಇನ್ನೂ ಮೂರು ದಿನವಿದೆ. ಗಂಟೆಯನ್ನು ಕಚೇರಿಯವರಿಗೆ ಹಿಂದಿರುಗಿಸಿ ಬಂದಿದ್ದೇನೆ.